ಟೇಪಿನ ಮೇಲೊಂದು ಕೂಗಳತೆ

ನನ್ನ ಹತ್ತಿರ ಐವತ್ತು ಮೀಟರಿನ ಒಂದು ಹಳೆಯ ಟೇಪಿದೆ. ಅದರ ಮೊದಲ ಮೀಟರು ಎಂದೋ ಹರಿದುಹೋಗಿರುವುದರಿಂದ ಅಳೆದದ್ದರಲ್ಲಿ ಪ್ರತಿಸಲವೂ ಒಂದನ್ನು ಕಳೆಯಬೇಕು. ಇದನ್ನು ಮರೆತು ಒಮ್ಮೆ ಲಿಂಗಸುಗೂರಿನಲ್ಲಿ ಒಬ್ಬರ ಅಡುಗೆಮನೆಯನ್ನು ನಕ್ಷೆಯ ಮೇಲೆ ಪಕ್ಕದವರ ಜಾಗಕ್ಕೆ ನುಗ್ಗಿಸಿದ ಕೀರ್ತಿಯೂ ನನಗುಂಟು. ಹೊಸದೊಂದು ಕೊಳ್ಳಬಾರದೇ ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಈ ಟೇಪಿನ ನಲವತ್ತೆರಡನೆಯ ಮೀಟರಿನ ಮೇಲೆ ಉಗುರುಬಣ್ಣದ ಒಂದು ಕೆಂಪು ಗುರುತಿದೆ. ಅದಕ್ಕಾಗಿ ಇಟ್ಟುಕೊಂಡಿದ್ದೇನೆ.

ಬಡಾವಣೆಗಳ ನಕ್ಷೆ ಬರೆಯುವುದು ನನ್ನ ಕಸುಬು. ಸಿಂಧನೂರಿನ ಸುತ್ತಮುತ್ತ ಭತ್ತದ ಮಡಿಗಳನ್ನು ಬತ್ತಿಸಿ, ಮರಂ ಮಣ್ಣು ಸುರಿದು, ಪ್ಲಾಟುಗಳನ್ನಾಗಿ ಹೋಳು ಮಾಡುವವರಿಗೆ ಗೆರೆ ಎಳೆದುಕೊಡುವವನು ನಾನು. ಎರೆಮಣ್ಣು ಉಬ್ಬುವ ಪರಿ, ಮಳೆನೀರು ಓಡುವ ದಿಕ್ಕು, ಚರಂಡಿಯ ಇಳಿಜಾರು, ರಸ್ತೆಯ ಅಗಲ ಇವೆಲ್ಲ ನನಗೆ ಅಂಗೈ ಮೇಲಿನ ಗೆರೆಗಳಷ್ಟೇ ಪರಿಚಿತ ಎಂಬ ಜಂಬವೂ ಇತ್ತು. ಆದರೆ ಉದ್ಯಾನಕ್ಕೆ ಇಷ್ಟು ಜಾಗ ಬಿಡಲೇಬೇಕೆಂಬ ನಿಯಮವನ್ನು ನಾನು ಪಾಲಿಸುತ್ತಿದ್ದ ಬಗೆಯನ್ನು ನಿಮ್ಮೆದುರು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಮೊದಲು ಪ್ಲಾಟುಗಳನ್ನೆಲ್ಲ ಕತ್ತರಿಸಿಬಿಡುತ್ತಿದ್ದೆ. ದರ್ಜಿಯ ಮಷೀನಿನ ಕೆಳಗೆ ಚಿಂದಿ ಉಳಿಯುವಂತೆ ಯಾವುದಕ್ಕೂ ಬಾರದ ಒಂದು ತ್ರಿಕೋನ ಕೊನೆಯ ಮೂಲೆಯಲ್ಲಿ ಉಳಿಯುತ್ತಿತ್ತು. ಅದಕ್ಕೆ ಹಸಿರು ಬಣ್ಣ ಬಳಿದು ‘ಉದ್ಯಾನ’ ಎಂದು ಚೆಂದದ ಅಕ್ಷರದಲ್ಲಿ ಬರೆದರೆ ಮುಗಿಯಿತು, ಕಾಗದದ ಮೇಲೆ ಹೂವು ಅರಳಿಯೇಬಿಡುತ್ತಿತ್ತು.

ಹೀಗೆ ನಾನು ಬರೆದ ಬಡಾವಣೆಯೊಂದರಲ್ಲೇ ನನ್ನ ಮಗಳು ಗಿರಿಜಾ ಮನೆ ಮಾಡಿದಳು. ಅವಳು ಮಸ್ಕಿಯ ಶಾಲೆಯೊಂದರಲ್ಲಿ ಟೀಚರು. ಸಿಂಧನೂರಿನಿಂದ ದಿನಾಲೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಅವಳ ಮಗಳಿಗೆ ಆಗ ಐದು ವರ್ಷ. ನಮ್ಮ ಕಡೆ ಮಕ್ಕಳಿಗೆ ಎರಡು ಹೆಸರಿರುತ್ತವೆ, ಒಂದು ಶಾಲೆಯ ಹಾಜರಿಗೆ, ಇನ್ನೊಂದು ಒದರಲಿಕ್ಕೆ, ಅಂದರೆ ಕೂಗಿ ಕರೆಯಲಿಕ್ಕೆ. ಹಾಜರಿಯ ಹೆಸರು ಎಷ್ಟೇ ಸಂಸ್ಕೃತಮಯವಾಗಿರಲಿ, ಒದರುವ ಹೆಸರಿನ ಕೊನೆಯಲ್ಲಿ ಎಳೆಯಲು ಬರುವ ಒಂದು ದೀರ್ಘ ಇರಲೇಬೇಕು. ಬಸ್ಯಾ, ನಿಂಗೀ, ಶರಣೀ. ಪ್ರಾರ್ಥನಾ ಎಂಬ ನನ್ನ ಮೊಮ್ಮಗಳು ಹಾಗೆಯೇ ಪಾರೂ ಆದಳು.

ಒಂದು ಸಂಜೆ ನಾನು ಅವರ ಮನೆಗೆ ಹೋದಾಗ ಗೇಟಿನ ಚಿಲಕ ತೆರೆದಿತ್ತು, ಪಾರೂ ಇರಲಿಲ್ಲ. ಗಿರಿಜಾ ರಸ್ತೆಯ ನಡುವೆ ನಿಂತು ಮಗಳ ಹೆಸರನ್ನು ಒದರಿದಳು, ಒದರುತ್ತಾ ಈ ತುದಿಯಿಂದ ಆ ತುದಿಗೆ ಓಡಿದಳು. ನಾನು ಹೆಮ್ಮೆಯಿಂದ ಅಗಲವಾಗಿ ಬರೆದಿದ್ದ ರಸ್ತೆಯ ಎರಡೂ ಬದಿಗೆ ಮುಚ್ಚಿದ ಗೇಟುಗಳಿದ್ದವು, ಮಾತಾಡಿಸಲು ಒಂದು ನರಪಿಳ್ಳೆಯೂ ಹೊರಗಿರಲಿಲ್ಲ. ಕೊನೆಗೆ ಮಗು ನನಗೆ ಸಿಕ್ಕದ್ದು ಆ ತ್ರಿಕೋನದಲ್ಲಿ. ಜಾಲಿಗಿಡಗಳ ಆಚೆ, ಸಣ್ಣ ಕಾಲುವೆಯ ದಂಡೆಯ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಕಪ್ಪೆ ನೋಡುತ್ತಿತ್ತು. ಎತ್ತಿಕೊಂಡು, ಅವ್ವ ಅಷ್ಟು ಕರೆದರೂ ಯಾಕೆ ಬರಲಿಲ್ಲವೆಂದು ಗದರಿದೆ. ಅದು ನನ್ನ ಮುಖವನ್ನೇ ನೋಡಿ ಹೇಳಿತು: “ಅವ್ವ ಒದರೇ ಇಲ್ಲ, ತಾತಾ.”

ಮನೆಗೆ ಬಂದರೆ ಗಿರಿಜಾಳ ಗಂಟಲು ಕಟ್ಟಿಹೋಗಿತ್ತು. ಮಗಳನ್ನು ಮಡಿಲಲ್ಲಿ ಹಾಕಿಕೊಂಡು, ಅತ್ತು ಮುಗಿಸಿ, ಸಿಟ್ಟೇನೂ ಇಲ್ಲದ ದನಿಯಲ್ಲಿ ಕೇಳಿದಳು: “ನಿನ್ನ ನಕ್ಷೆದಾಗ ರೋಡಿಗೆ ಅಳತಿ ಐತಿ, ಗಟಾರಕ್ಕ ಅಳತಿ ಐತಿ. ನನ್ನ ದನಿಗೆ ಎಲ್ಲೈತಪ್ಪಾ?”

ಮರುದಿನದಿಂದ ಗೇಟಿಗೆ ಬೀಗ ಬಿತ್ತು. ಸಂಜೆ ನಾನು ಹೋದಾಗಲೆಲ್ಲ ಪಾರೂ ಸರಳುಗಳನ್ನು ಹಿಡಿದು ಖಾಲಿ ರಸ್ತೆಯನ್ನು ನೋಡುತ್ತ ನಿಂತಿರುತ್ತಿದ್ದಳು. ಅವಳನ್ನು ಒಳಗಿಟ್ಟು ಗೆರೆ ಎಳೆದವನು ನಾನೇ.

ಕೂಗಳತೆ ಎಂಬ ಮಾತು ನಿಮಗೂ ಗೊತ್ತು. ನಾನೂ ಅದನ್ನು ಹುಟ್ಟಿದಾಗಿನಿಂದ ಕೇಳಿದ್ದೆ, ಅದು ಒಂದು ಅಳತೆ ಎಂದು ಮಾತ್ರ ಯಾವತ್ತೂ ಅನಿಸಿರಲಿಲ್ಲ. ಗೇಣು, ಮೊಳ, ಮಾರು ಇವೆಲ್ಲ ಒಬ್ಬರ ಮೈಯಿಂದಲೇ ಹುಟ್ಟುವ ಅಳತೆಗಳು. ಕಣ್ಣಳತೆಗೂ ಒಬ್ಬರ ಕಣ್ಣು ಸಾಕು. ಕೂಗಳತೆಗೆ ಮಾತ್ರ ಇಬ್ಬರು ಬೇಕು, ಕೂಗುವವರೊಬ್ಬರು, ಓಗೊಡುವವರೊಬ್ಬರು. ಊರೊಳಗಿನ ಹಳೆಯ ಓಣಿಗಳನ್ನು ಯಾವ ಎಂಜಿನಿಯರೂ ಬರೆದಿಲ್ಲ. ಅಲ್ಲಿ ಗಾಳಿ ಬೆಳಕಿಗೆ ತತ್ವಾರ ಹೌದು, ಗಟಾರದ ನಾತವೂ ಹೌದು. ಆದರೂ ಅಲ್ಲಿಯ ತಾಯಂದಿರು ರೊಟ್ಟಿ ತಟ್ಟುತ್ತಲೇ ಮೂರು ಮನೆಯಾಚೆಯ ಮಗುವನ್ನು ಗದರುತ್ತಾರೆ. ಅದು ಅಲ್ಲಿಂದಲೇ ‘ಬಂದೇ’ ಎನ್ನುತ್ತದೆ.

ಅಷ್ಟರಲ್ಲಿ ಮಸ್ಕಿಯ ಅಮರಪ್ಪನವರು ತಮ್ಮ ಹೊಲವನ್ನು ಬಡಾವಣೆ ಮಾಡಿಕೊಡಲು ಕೇಳಿದರು. ಗಿರಿಜಾ ಅಲ್ಲೊಂದು ಪ್ಲಾಟು ನೋಡುವ ಮನಸ್ಸು ಮಾಡಿದಳು, ಆದರೆ ಒಂದೇ ಷರತ್ತು: ಅಲ್ಲಿಯೂ ಗೇಟಿಗೆ ಬೀಗ ಹಾಕುವುದಾದರೆ ಇದ್ದಲ್ಲೇ ಇರುತ್ತೇನೆ ಎಂದಳು. ನಾನು ಅವಳನ್ನೇ ಹೊಲಕ್ಕೆ ಕರೆದೊಯ್ದೆ.

ಗುಡ್ಡದ ಬದಿಯ ಆ ಹೊಲದಲ್ಲಿ ಪಂಪಸೆಟ್ಟಿನ ಒಂದು ಕೋಣೆಯಿತ್ತು. ಅದನ್ನೇ ಅಡುಗೆಮನೆ ಎಂದುಕೊಳ್ಳಬೇಕು, ಓಡುವ ಮೋಟಾರನ್ನು ಮಿಕ್ಸಿ ಎಂದುಕೊಳ್ಳಬೇಕು, ಒಳಗಿನಿಂದ ಪಾರೂಳ ಹೆಸರು ಹಿಡಿದು ಕರೆಯಬೇಕು ಎಂದು ಗಿರಿಜಾಳಿಗೆ ಹೇಳಿದೆ. ಅಮರಪ್ಪನವರು ನನ್ನ ತಲೆ ನೆಟ್ಟಗಿದೆಯೇ ಎಂಬಂತೆ ನೋಡಿದರು. ಅವರ ಹೆಂಡತಿ ಶಿವಮ್ಮನವರಿಗೆ ಮಾತ್ರ ಹುರುಪು ಬಂದು, ಮೊದಲು ತಾವೇ ಒಳಗೆ ಹೋಗಿ ಒದರಿದರು. ನನ್ನ ಐವತ್ತು ಮೀಟರು ಎಲ್ಲಿ ಸಾಕು, ಆ ದನಿ ಬದುವನ್ನು ದಾಟಿ, ರಸ್ತೆಯನ್ನು ದಾಟಿ ಗುಡ್ಡಕ್ಕೆ ಬಡಿದು ತಿರುಗಿ ಬಂತು. ಆಮೇಲೆ ಗಿರಿಜಾ ಕರೆದಳು. ದಿನವಿಡೀ ಪಾಠ ಹೇಳಿ ಸವೆದ ದನಿ ಅದು. ನಾನು ಟೇಪಿನ ತುದಿಯನ್ನು ಕೋಣೆಯ ಬಾಗಿಲಿಗೆ ಸಿಕ್ಕಿಸಿ, ಸುರುಳಿ ಹಿಡಿದು ಹಿಂದೆ ಹಿಂದೆ ಸರಿಯುತ್ತ ಹೋದೆ. ನಲವತ್ತೆರಡರಲ್ಲಿ ‘ಪಾರೂ’ ಕೇಳಿಸಿತು, ಒಂದು ಹೆಜ್ಜೆ ಸರಿದರೆ ಬರೀ ಮೋಟಾರು.

ಅಮರಪ್ಪನವರಿಗೆ ತಮ್ಮ ಹೆಂಡತಿಯ ದನಿಯ ಅಳತೆಯೇ ಹಿಡಿಸಿತ್ತು. ಅದರ ಪ್ರಕಾರ ಉದ್ಯಾನ ಮೂಲೆಯಲ್ಲಿದ್ದರೂ ನಡೆಯುತ್ತದಲ್ಲ, ನಡುವಿನ ಒಳ್ಳೆಯ ಜಾಗವನ್ನು ಯಾಕೆ ಹಾಳು ಮಾಡಬೇಕು ಎಂಬುದು ಅವರ ವಾದ. ಶಿವಮ್ಮನವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಕಡೆ ತಿರುಗಿದರು.

“ನನ್ನ ದನಿ ಹಿಡದು ಮನಿ ಕಟ್ಟಸಬ್ಯಾಡ್ರಿ. ನಾ ಹೊಲದಾಗ ಆಳಿಗೆ ಒದರಿ ಒದರಿ ಬಂದಾಕಿ. ಈಕಿ ದನಿ ಸಣ್ಣದೈತಿ, ಇದನ್ನ ಹಿಡೀರಿ. ಇದು ಮುಟ್ಟಿದ್ರ ಎಲ್ಲಾರದೂ ಮುಟ್ಟತೈತಿ.”

ಇಷ್ಟು ವರ್ಷ ನಾನು ಓದಿದ ಯಾವ ನಿಯಮವೂ ಇಷ್ಟು ಸರಳವಾಗಿರಲಿಲ್ಲ. ಗಿರಿಜಾ ತನ್ನ ಚೀಲದಿಂದ ಉಗುರುಬಣ್ಣದ ಸೀಸೆ ತೆಗೆದು ಟೇಪಿನ ಮೇಲೆ ಗುರುತು ಹಾಕಿದಳು. ಒಂದು ದೊಡ್ಡ ಉದ್ಯಾನದ ಜಾಗವನ್ನು ಒಡೆದು ನಾಲ್ಕು ಸಣ್ಣ ಅಂಗಳಗಳನ್ನು ಬರೆದೆ. ಮನೆಗಳ ಅಡುಗೆಮನೆಗಳೆಲ್ಲ ಆ ಗುರುತಿನ ಅಳತೆಯೊಳಗೇ ಅಂಗಳದ ಕಡೆಗೆ ಬಂದವು, ಟ್ರ್ಯಾಕ್ಟರು ಕಾರು ಓಡುವ ದಾರಿ ಬೆನ್ನ ಹಿಂದೆ ಹೋಯಿತು. ಟೇಪಿನ ಹರಿದ ಮೀಟರನ್ನು ಈ ಸಲ ಮರೆಯದೆ ಕಳೆದೆ. ಅಮರಪ್ಪನವರು ಗೊಣಗಿದರು, ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿದರು, ಶಿವಮ್ಮನವರ ಮುಖ ನೋಡಿ ಸಹಿ ಹಾಕಿದರು.

ಈಗ ಗಿರಿಜಾಳ ಮನೆ ಆ ಅಂಗಳಗಳಲ್ಲೊಂದರ ಪಕ್ಕದಲ್ಲಿದೆ. ಅಳಿಯ ಸಿಂಧನೂರಿನ ಕೆಲಸಕ್ಕೆ ಬಸ್ಸು ಹಿಡಿಯುತ್ತಾನೆ, ಗೊಣಗುವ ಸರದಿ ಅವನದು. ಎಲ್ಲವೂ ಸರಿಹೋಗಿದೆ ಎಂದೇನಲ್ಲ. ನೆಟ್ಟ ಬೇವಿನ ಸಸಿಗಳಲ್ಲಿ ಅರ್ಧ ಆಡುಗಳ ಪಾಲಾದವು, ಒಂದು ಅಂಗಳದಲ್ಲಿ ಮಳೆಗಾಲಕ್ಕೆ ನೀರು ನಿಲ್ಲುತ್ತದೆ. ಇಳಿಜಾರಿನ ಲೆಕ್ಕದಲ್ಲಿ ನಾನು ತಪ್ಪಿದ್ದೇನೆ.

ಮೊನ್ನೆ ಸಂಜೆ ಅಲ್ಲಿಯ ಕಲ್ಲುಬೆಂಚಿನ ಮೇಲೆ ಕೂತಿದ್ದೆ. ಇನ್ನೊಂದು ಬಡಾವಣೆಯ ಕೆಲಸ ಮುಗಿಸಿ ಬಂದಿದ್ದರಿಂದ ಟೇಪು ತೊಡೆಯ ಮೇಲೆಯೇ ಇತ್ತು. ಪಾರೂ ಗೆಳತಿಯರೊಂದಿಗೆ ಕುಂಟಾಟ ಆಡುತ್ತಿದ್ದಳು. ಒಳಗಿನಿಂದ ಗಿರಿಜಾ ಕರೆದಳು. ಪಾರೂ ಕುಂಟುವುದನ್ನು ನಿಲ್ಲಿಸಿ ಮನೆಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು, ಮತ್ತೆ ಕುಂಟತೊಡಗಿದಳು. ಎರಡನೆಯ ಕೂಗೂ ಬಂತು, ಮೂರನೆಯದೂ ಬಂತು. ಕೊನೆಗೆ ಗಿರಿಜಾ ಸಟ್ಟುಗ ಹಿಡಿದುಕೊಂಡೇ ಹೊರಗೆ ಬಂದು, ಎಷ್ಟು ಸಲ ಕರೆಯಬೇಕೆಂದು ಕೇಳಿದಳು.

“ನೀ ಒದರೇ ಇಲ್ಲ,” ಎಂದಳು ಪಾರೂ.

ಅದೇ ಮಾತು. ಕಾಲುವೆಯ ದಂಡೆಯ ಮೇಲೆ ನಿಜವಾಗಿದ್ದ ಮಾತು ಇಲ್ಲಿ ಶುದ್ಧ ಸುಳ್ಳಾಗಿತ್ತು. ನನ್ನ ಕಣ್ಣು ತುಂಬಿಬಂದವು. ಗಿರಿಜಾ ಸಾಕ್ಷಿಗಾಗಿ ನನ್ನ ಕಡೆ ತಿರುಗಿದಳು. ಕೆಂಪು ಗುರುತಿನ ಅಳತೆಗಿಂತ ಎಷ್ಟೋ ಹತ್ತಿರದಲ್ಲಿ ಕೂತಿದ್ದ ನಾನು ಟೇಪನ್ನು ಮೆಲ್ಲಗೆ ಸುತ್ತಿಕೊಳ್ಳುತ್ತ, ನನಗೂ ಕೇಳಿಸಲಿಲ್ಲವಲ್ಲ ಎಂದೆ.