ತಳಪದರದ ಕಲ್ಲಿಗಾಗಿ ಬುಕ್ಕಾಪಟ್ಟಣಕ್ಕೆ

ಮಧುಗಿರಿಯಲ್ಲಿ ಬೆಳಗಿನ ಮೊದಲ ಸರ್ಕಾರಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಹಾಗೆಯೇ ಸೀಟೂ ಇರಲಿಲ್ಲ. ಸುತ್ತಿಗೆಯ ಚೀಲ ಕಾಲಸಂದಿಯಲ್ಲಿಟ್ಟುಕೊಂಡು ಶಿರಾದವರೆಗೂ ನಿಂತೇ ಬಂದೆ. ಇಷ್ಟು ವರ್ಷ ಈ ಚೀಲ ಹೊರುತ್ತಿದ್ದವರು ನನ್ನ ಯಜಮಾನರು. ಇಬ್ಬರೂ ಭೂವಿಜ್ಞಾನ ಕಲಿಸುತ್ತಿದ್ದೆವು. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಅವರು ಬಿಟ್ಟುಹೋದ ಕೆಲಸ ಒಂದೇ ಒಂದು ಕಲ್ಲಿನ ಚೂರಿಗಾಗಿ ನಿಂತಿತ್ತು.

ಬುಕ್ಕಾಪಟ್ಟಣದ ಆಚೆ ಕುರುಚಲು ಕಾಡಿನಲ್ಲಿ ಒಂದು ಕರಿಬಂಡೆಯಿದೆ. ಕರಗಿದ ಶಿಲೆ ನೆಲದೊಳಗೇ ಪದರಪದರವಾಗಿ ಹೆಪ್ಪುಗಟ್ಟಿ ಆದದ್ದು. ಅದು ಭೂಮಿಯ ಆಳದಿಂದ ನೇರವಾಗಿ ಬಂತೋ, ದಾರಿಯಲ್ಲಿ ಹಳೆಯ ಕಲ್ಲನ್ನೂ ಕರಗಿಸಿ ನುಂಗಿತೋ ಎಂಬುದನ್ನು ಅದರೊಳಗಿನ ಐಸೊಟೋಪುಗಳು, ಅಂದರೆ ಒಂದೇ ಧಾತುವಿನ ಬೇರೆಬೇರೆ ತೂಕದ ಪರಮಾಣುಗಳು, ಹೇಳುತ್ತವೆ. ಮೇಲಿನ ಪದರಗಳ ಪರೀಕ್ಷೆ ಮುಗಿದಿತ್ತು. ತಳದ್ದು ಬಾಕಿ. ಅದಿಲ್ಲದೆ ಏನನ್ನೂ ಖಚಿತವಾಗಿ ಹೇಳುವಂತಿರಲಿಲ್ಲ.

ಶಿರಾದಲ್ಲಿ ಎರಡು ಇಡ್ಲಿ ತಿಂದು ಇನ್ನೊಂದು ಬಸ್ಸು ಹಿಡಿದೆ. ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಹಳ್ಳದ ಬಳಿ ಕುರಿ ಕಾಯುವ ಚಿಕ್ಕಣ್ಣ ಸಿಕ್ಕ. ನಮಗೆ ಹಳೆಯ ಪರಿಚಯ.

“ಸಾರ್ ಬರ್ಲಿಲ್ವಾ ತಾಯಿ?”

“ಹೋಗ್ಬಿಟ್ರು ಚಿಕ್ಕಣ್ಣ.”

“ನನ್ ಮಗ್ಳು ನಿಂಗಿನೂ ಹೋಗ್ಬುಟ್ಲು ಕಣಮ್ಮ. ಹೆರಿಗೇಲಿ.”

ಅವನೊಂದಿಗೆ ಬಂಡೆಯ ಬಳಿಗೆ ಹೋದೆ. ತಳಪದರ ಕಾಣುತ್ತಿದ್ದ ಜಾಗದಲ್ಲಿ ಈಗ ಗುಂಡಿ. ರಸ್ತೆ ಕೆಲಸಕ್ಕೆಂದು ಯಾರೋ ಎಲ್ಲವನ್ನೂ ಒಡೆದು ಸಾಗಿಸಿದ್ದರು. ಉಳಿದದ್ದು ಒಂದೇ ಚಪ್ಪಡಿ. ಚಿಕ್ಕಣ್ಣ ಅದನ್ನು ಹೊತ್ತು ತಂದು ಅಲ್ಲೇ ಹತ್ತಿರವಿದ್ದ ಮಗಳ ಸಮಾಧಿಯ ತಲೆದೆಸೆಗೆ ನೆಟ್ಟು, ಅರಿಶಿನ ಬಳಿದು, ಮುಂದೆ ನಾಲ್ಕು ಹಸಿರು ಬಳೆ ಇಟ್ಟಿದ್ದ. ಮೇಲುಮೇಲಿನ ಚೂರು ಪರೀಕ್ಷೆಗೆ ಆಗದು. ಕಲ್ಲನ್ನು ಒಡೆದು ಒಳಗಿನದನ್ನೇ ತೆಗೆಯಬೇಕು. ನಾಚಿಕೆ ಬಿಟ್ಟು ಕೇಳಿದೆ.

“ಸಾರ್ ಕೆಲ್ಸ ಅಂತೀರಿ, ಹೊಡ್ಕಳಿ. ಬ್ಯಾಡ ಅನ್ನಲ್ಲ. ನೋಡಾಕಾಗಲ್ಲ ಅಷ್ಟೆ.”

ಅವನು ಅತ್ತ ತಿರುಗಿ, ಎರಡೂ ಕಿವಿ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತ.

ಸುತ್ತಿಗೆ ಎತ್ತಿದೆ. ಆಸ್ಪತ್ರೆಯಲ್ಲಿ ಯಜಮಾನರು “ತಳದ್ದೊಂದು ತಂದ್ಬಿಡು” ಎಂದದ್ದು ನೆನಪಾಯಿತು. ಆದರೂ ನನ್ನಿಂದ ಆಗಲಿಲ್ಲ. ಸುತ್ತಿಗೆಯನ್ನು ಚೀಲಕ್ಕೆ ಹಾಕಿ ಅವನ ಭುಜ ಮುಟ್ಟಿದೆ.

“ಆಯ್ತಾ ತಾಯಿ?”

“ಆಯ್ತಪ್ಪ.”

ಚಿಕ್ಕಣ್ಣ ಕಲ್ಲಿನ ಸುತ್ತ ಅಂಗೈ ಆಡಿಸಿ ಒಡೆದ ಜಾಗ ಹುಡುಕಿದ. ಎಲ್ಲೂ ಸಿಗಲಿಲ್ಲ. ನನ್ನ ಮುಖ ನೋಡಿದ.

“ಸಾರ್‌ಗೆ ಏನ್ ಹೇಳ್ತೀರಮ್ಮ ಈಗ?”

ಸಂಜೆಯ ಬಸ್ಸು ಬರುವವರೆಗೂ ಅವನ ಪಕ್ಕದಲ್ಲೇ ಕೂತಿದ್ದೆ.