ಸಿಡಿಲಿಗೆ ದಾರಿ ಅಗೆಯುವ ಕೋಕಿಲಾ

ಬೆಳಕು ಇನ್ನೂ ಸರಿಯಾಗಿ ಬಿಟ್ಟಿಲ್ಲ. ಗುಂಡಿಯೊಳಗಿಂದ ಮರಳು ಹಾರಿ ಬಂದು ಬೀಳುತ್ತಿದೆ, ಪ್ರತಿ ಸಲವೂ ಅದೇ ಗುಪ್ಪೆಯ ಮೇಲೆ. ಎಸೆಯುವವರು ಕಾಣುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಂಚಿನಲ್ಲೊಂದು ಸಲಿಕೆ ಕಾಣುತ್ತದೆ, ಆಮೇಲೆ ಕೆಸರು ಮೆತ್ತಿದ ಎರಡು ಕೈ, ಕೊನೆಗೆ ಸೆರಗನ್ನು ತಲೆಗೆ ಬಿಗಿದು ಕಟ್ಟಿಕೊಂಡ ಹೆಂಗಸಿನ ಮುಖ.

"ನೀರು ಬಂತು" ಎನ್ನುತ್ತಾರೆ ಕೋಕಿಲಾ ತರೈ. "ಇನ್ನು ಸಿಡಿಲಿಗೆ ಬಾಯಾರಿಕೆ ಆಗಲ್ಲ."

ಜಗಲಿಯಲ್ಲಿ ಹಲ್ಲುಜ್ಜುತ್ತ ನಿಂತಿರುವ ಮನೆಯ ಯಜಮಾನ, ದಿನಸಿ ಅಂಗಡಿಯ ಲಿಂಗರಾಜ, ಗುಂಡಿಯನ್ನೂ ಗೋಡೆಯನ್ನೂ ನೋಡುತ್ತಾನೆ. ಗೋಡೆಯ ಮೇಲೆ, ಮೇನ್ ಬೋರ್ಡಿನ ಪಕ್ಕದಲ್ಲಿ, ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದು ನಿನ್ನೆಯೇ ಕೂತಿದೆ. "ಅಪಾ, ಪೆಟ್ಟಿಗೆ ಇಷ್ಟು ಚಿಕ್ಕದು, ಗುಂಡಿ ಇಷ್ಟು ದೊಡ್ಡದು. ಇದ್ಯಾವ ನ್ಯಾಯ?"

"ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ನಿನ್ನ ಥರಾನೇ ಕಣೋ."

ಝಾವುಪಡಾ ಒಡಿಶಾದ ಕಡಲಂಚಿನ ಊರು. ಗಾಳಿಮರದ ತೋಪು ದಾಟಿದರೆ ಸಮುದ್ರ. ಇಲ್ಲಿ ಹೆಚ್ಚಿನವರು ಕೋಕಿಲಾರನ್ನು 'ಅಪಾ' ಎಂದೇ ಕರೆಯುತ್ತಾರೆ, ಅಂದರೆ ಅಕ್ಕ, ವಯಸ್ಸಿನಲ್ಲಿ ಅವರಿಗಿಂತ ಹಿರಿಯರಾದ ಕೆಲವರೂ ಸಹ. ಅವರ ಕೆಲಸಕ್ಕೆ ಊರಿನಲ್ಲಿ ಹೆಸರಿಲ್ಲ. ಬೋರ್ಡು ಕೂರಿಸುವವನು ಮಿಸ್ತ್ರಿ. ಕಂಬ ಹತ್ತುವವನು ಲೈನ್‌ಮನ್. ಕೋಕಿಲಾ ಎರಡೂ ಅಲ್ಲ. ಮನೆಗೆ ಕರೆಂಟು ಒಳಬರುವ ಜಾಗದಲ್ಲಿ ಸರ್ಜ್ ಪ್ರೊಟೆಕ್ಟರ್ ಕೂರಿಸಿ, ಅಲ್ಲಿಂದ ತಾಮ್ರದ ತಂತಿಯನ್ನು ಆದಷ್ಟು ನೆಟ್ಟಗೆ, ಆದಷ್ಟು ಗಿಡ್ಡವಾಗಿ ಇಳಿಸಿ ಭೂಮಿಗೆ ಸೇರಿಸುತ್ತಾರೆ. ಹೊರಗಿನ ಹೊಡೆತ ಮನೆಯೊಳಕ್ಕೆ ನುಗ್ಗದೆ ಮಣ್ಣಿಗೆ ಇಳಿಯಲಿ ಎಂದು. ಆ ಮಣ್ಣಿನ ಕೆಲಸವೂ ಅವರದೇ.

ಈ ಕರಾವಳಿಯಲ್ಲಿ ವೈಶಾಖ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಆಕಾಶವನ್ನು ಯಾರೂ ನಂಬುವುದಿಲ್ಲ. ಸಿಡಿಲು ದೂರದ ಗದ್ದೆಯಲ್ಲೆಲ್ಲೋ ಬೀಳುತ್ತದೆ, ಅದರ ಹೊಡೆತ ತಂತಿ ಹಿಡಿದು ಇಲ್ಲಿಯ ಮನೆಗಳಿಗೆ ಬರುತ್ತದೆ. ಒಂದು ಮಿಂಚಿಗೆ ಒಂದು ಬೀದಿಯ ಟಿವಿಗಳೆಲ್ಲ ಹೋದದ್ದುಂಟು. ಸುಟ್ಟ ಫ್ರಿಜ್‌ಗಳನ್ನು ಊರಿನವರು ಎಸೆಯುವುದಿಲ್ಲ. ಇಲಿ ಹೊಗದ ಅಕ್ಕಿಪೆಟ್ಟಿಗೆ ಮಾಡಿಕೊಳ್ಳುತ್ತಾರೆ. ಯಾವುದಾದರೂ ಮನೆಯಲ್ಲಿ ಫ್ರಿಜ್ ತೆರೆದಾಗ ತಣ್ಣಗಿನ ಗಾಳಿ ಬಂದರೆ ನೆಂಟರಿಗೆ ಆಶ್ಚರ್ಯ.

ಮನೆಯ ಮೇಲೆಯೇ ಸಿಡಿಲು ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಕೋಕಿಲಾ ತಲೆ ಅಲ್ಲಾಡಿಸುತ್ತಾರೆ. "ಅದಕ್ಕೆ ಮಾಡಿನ ಮೇಲೆ ಬೇರೆ ಕಂಬಿ ಬೇಕು. ನಂದು ತಂತಿ ಹಿಡ್ಕೊಂಡು ಬರೋ ಕಳ್ಳನಿಗೆ ಮಾತ್ರ. ಸುಳ್ಳು ಹೇಳಿ ಪೆಟ್ಟಿಗೆ ಮಾರಬಾರದು."

ಅವರು ಈ ಕೆಲಸಕ್ಕೆ ಬಂದದ್ದು ಸಲಿಕೆಯ ಕಡೆಯಿಂದ. ಮದುವೆಯಾಗಿ ಬಂದ ಮೇಲೆ ಮೀನಿನ ಜೆಟ್ಟಿಯಲ್ಲಿ ಐಸ್ ಹೊರುತ್ತಿದ್ದರು. ಗಂಡನನ್ನು ಒಂದು ಚಂಡಮಾರುತ ದೋಣಿಯ ಸಮೇತ ತೆಗೆದುಕೊಂಡು ಹೋಯಿತು. ಆ ಬಗ್ಗೆ ಅವರು ಇಷ್ಟೇ ಹೇಳುತ್ತಾರೆ, ನಾನೂ ಇಷ್ಟೇ ಬರೆಯುತ್ತೇನೆ. ಆಮೇಲೆ ಬನಮಾಲಿ ಎಂಬ ಮುದಿ ಮಿಸ್ತ್ರಿ ಅವರನ್ನು ಗುಂಡಿ ತೋಡಲು ಕರೆದರು. ಆತನ ಗಂಡಾಳುಗಳಿಗೆ ಗುಂಡಿ ತೋಡುವುದು ಮರ್ಯಾದೆಗೆ ಕಡಿಮೆ. ಮೊಣಕಾಲುದ್ದ ತೋಡಿ, ಸಲಾಕೆ ಮುರಿದು ನೆಟ್ಟು, ಮೇಲೆ ಮರಳು ಎಳೆದು ಬೀಡಿ ಹಚ್ಚುತ್ತಿದ್ದರು.

"ನಾನು ಕೇಳ್ದೆ, ಮಿಸ್ತ್ರಿ, ಒಳಗೆ ಏನಿದೆ ಅಂತ ಯಾರು ನೋಡ್ತಾರೆ? ಅವರಂದ್ರು, ಸಿಡಿಲು ನೋಡುತ್ತೆ ಕಣಮ್ಮ."

ಬನಮಾಲಿಯ ಕಣ್ಣು ಮಂಜಾದ ಮೇಲೆ ಬೋರ್ಡಿನ ತಿರುಪುಗಳನ್ನು ಹುಡುಕುವ ಕೆಲಸ ಕೋಕಿಲಾರ ಬೆರಳಿಗೆ ಬಂತು. ಮುದುಕ ಸ್ಟೂಲಿನ ಮೇಲೆ ಕೂತು ಬೈಯುತ್ತಿದ್ದ, ಇವರು ಬಿಗಿಯುತ್ತಿದ್ದರು. ಹಾಗೆ ಕಲಿತದ್ದು. ಈಗ ಮಳೆಗೆ ಮೊದಲಿನ ವಾರಗಳಲ್ಲಿ ದಿನಕ್ಕೆ ಎರಡು ಮನೆ ಮಾಡುತ್ತಾರೆ. ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ ಪಖಾಳ, ಅಂದರೆ ನೀರಲ್ಲಿ ನೆನೆದ ತಂಗಳನ್ನ, ಉಂಡ ಮೇಲೆ. ಗುಂಡಿ ಎದೆಮಟ್ಟ, ಅದರ ತಳದಿಂದ ಇನ್ನೊಂದು ಆಳಿನಷ್ಟು ಕೆಳಕ್ಕೆ ತಾಮ್ರ ಲೇಪಿಸಿದ ಸಲಾಕೆ. ಬಯಲುಸೀಮೆಯವರ ಹಾಗೆ ಗುಂಡಿಗೆ ಉಪ್ಪು ಸುರಿಯುವುದಿಲ್ಲ. "ಇಲ್ಲಿ ಗಾಳಿಯಲ್ಲೇ ಉಪ್ಪಿದೆ. ಕಬ್ಬಿಣಕ್ಕೆ ನಾವು ಬೇರೆ ಬಡಿಸಬೇಕಾ?"

ನಾನು ಅವರ ಜೊತೆ ಓಡಾಡಿದ್ದು ರಜ ಹಬ್ಬದ ವಾರ. ನಮ್ಮ ತುಳುನಾಡಿನ ಕೆಡ್ಡಸದ ಹಾಗೆ ರಜದಲ್ಲೂ ಭೂಮಿತಾಯಿ ಮುಟ್ಟಾಗುತ್ತಾಳೆ. ಮೂರು ದಿನ ನೇಗಿಲಿಲ್ಲ, ಗುದ್ದಲಿಯಿಲ್ಲ, ಒಂದು ಗೂಟ ಕೂಡ ನೆಡುವಂತಿಲ್ಲ. ಹೆಣ್ಣುಮಕ್ಕಳು ಬರಿಗಾಲಲ್ಲಿ ನೆಲ ತುಳಿಯದೆ ಉಯ್ಯಾಲೆಯಲ್ಲಿ ಕಾಲ ಕಳೆಯುತ್ತಾರೆ. ನಾಲ್ಕನೆಯ ದಿನ ಭೂಮಿಗೆ ಸ್ನಾನ. ಆದರೆ ಮೊದಲ ಮಳೆ, ಮೊದಲ ಸಿಡಿಲು ಬರುವುದೂ ಸರಿಯಾಗಿ ಅದೇ ದಿನಗಳಲ್ಲಿ. ಹಾಗಾಗಿ ರಜದ ಹಿಂದಿನ ದಿನ ಕೋಕಿಲಾರ ಸಲಿಕೆಗೆ ಬಿಡುವಿಲ್ಲ.

ಲಿಂಗರಾಜನ ಗುಂಡಿ ಮುಚ್ಚಿ, ಇನ್ನೊಂದು ಮನೆ ಮುಗಿಸಿ, ಅವತ್ತಿನ ಕೊನೆಯ ಮನೆಗೆ ನಾವು ಹೋದಾಗ ಹೊತ್ತು ಇಳಿಯುತ್ತಿದೆ. ದೈತಾರಿ ಬೆಹೆರಾರ ಮನೆ. ದೈತಾರಿ ಜೀವನಪೂರ್ತಿ ದೋಣಿಗಳಿಗೆ ಡಾಂಬರು ಕಾಯಿಸಿ ಬಳಿದವರು; ಈಗ ಮೂಗಿಗೆ ಕೊಳವೆ ಹಾಕಿಕೊಂಡು, ಗಾಳಿಯಿಂದ ಆಮ್ಲಜನಕ ಸೋಸಿ ಕೊಡುವ ಯಂತ್ರದ ಪಕ್ಕ ಮಲಗಿರುತ್ತಾರೆ. ಕರೆಂಟು ಹೋದರೆ ಇನ್ವರ್ಟರ್ ಇದೆ. ಆದರೆ ಕಳೆದ ವರ್ಷ ಇದೇ ಹೊತ್ತಿನಲ್ಲಿ ಒಂದು ಸಿಡಿಲಿಗೆ ಇನ್ವರ್ಟರೂ ಸುಟ್ಟಿತು, ಯಂತ್ರವೂ ಸುಟ್ಟಿತು. ನೀಲಿಗಟ್ಟಿದ ತುಟಿಯ ದೈತಾರಿಯನ್ನು ಮಳೆಯಲ್ಲಿ ಆಟೊದಲ್ಲಿ ಸಾಗಿಸಿದ್ದರು. "ಇನ್ನೊಂದು ಸಲ ಹಾಗಾದ್ರೆ ಆಟೊ ಬೇಕಾಗಲ್ಲ" ಎಂದು ಅವರ ಹೆಂಡತಿ ತುಳಸಾ ಹೇಳಿದ್ದಕ್ಕೆ ದೈತಾರಿ ಹಾಸಿಗೆಯಿಂದಲೇ ನಗುತ್ತಾರೆ. "ಕಾಸು ಉಳೀತಲ್ಲ ಬಿಡೇ."

ಈ ಮನೆಗೆ ಗುಂಡಿ ಬೇಕಿಲ್ಲ ಎಂದು ಕೋಕಿಲಾ ಅಂದುಕೊಂಡಿದ್ದರು. ಕೆಲವು ವರ್ಷಗಳ ಹಿಂದೆ ಅವರೇ ಅಂಗಳದ ಕೈಪಂಪಿನ ಕಬ್ಬಿಣದ ಪೈಪಿಗೆ ಅರ್ತಿಂಗ್ ತಂತಿ ಬಿಗಿದಿದ್ದರು. ನೆಲದೊಳಗೆ ನೀರಿನ ತನಕ ಇಳಿದ ಕಬ್ಬಿಣ. ಅದಕ್ಕಿಂತ ಒಳ್ಳೆಯ ದಾರಿ ಯಾವುದು? ತಂತಿ ಈಗಲೂ ಅಲ್ಲೇ ಇದೆ, ಹಸಿರು ಬಣ್ಣ ಸ್ವಲ್ಪ ಮಾಸಿದೆ ಅಷ್ಟೇ. ಪೆಟ್ಟಿಗೆ ಕೂರಿಸಿ, ಪರೀಕ್ಷೆಗೆಂದು ಬಲ್ಬಿನ ಒಂದು ತುದಿಯನ್ನು ಕರೆಂಟಿಗೂ ಇನ್ನೊಂದನ್ನು ಆ ತಂತಿಗೂ ಹಿಡಿಯುತ್ತಾರೆ. ಬಲ್ಬು ಹತ್ತುವುದಿಲ್ಲ.

"ತುಳಸಾ, ಪಂಪಿಗೆ ಏನಾದ್ರೂ ಮಾಡಿಸಿದ್ರಾ?"

"ಹೂಂ ಅಪಾ. ನೀರಲ್ಲಿ ತುಕ್ಕು ಬರ್ತಿತ್ತು. ಹೋದ ಮಾಘದಲ್ಲಿ ಕೆಳಗಿನ ಪೈಪೆಲ್ಲ ತೆಗೆಸಿ ಪ್ಲಾಸ್ಟಿಕ್ ಹಾಕಿಸಿದ್ವಿ. ನಿಮ್ಮ ತಂತಿ ಮುಟ್ಟಿಲ್ಲ, ನೋಡಿ, ಹೆಂಗಿತ್ತೋ ಹಂಗೇ ಇದೆ."

ಕೋಕಿಲಾ ನೆಲದ ಮೇಲೆ ಕೂತುಬಿಡುತ್ತಾರೆ. "ಹಗ್ಗ ಕಟ್ಟಿದೆ, ಹಸು ಇಲ್ಲ" ಎನ್ನುತ್ತಾರೆ. ನನ್ನ ಕಡೆ ತಿರುಗಿ: "ನಂದೇ ತಪ್ಪು. ನಾನೇ ಬಿಗಿದಿದ್ದು ಅಂತ ಪರೀಕ್ಷೆ ಮಾಡ್ದೆ ಈ ಮನೇನ ಕೊನೆಗಿಟ್ಟೆ. ಬೇರೆಯವರು ಬಿಗಿದಿದ್ರೆ ಮೊದಲೇ ನೋಡ್ತಿದ್ದೆ."

ದಾರಿಯಿಲ್ಲದ ಪೆಟ್ಟಿಗೆ ಗೋಡೆಯ ಅಲಂಕಾರ. ಹೊಸ ಗುಂಡಿ ಅರ್ಧ ದಿನದ ಕೆಲಸ, ಆದರೆ ತುಳಸಾಳ ಅತ್ತೆ ಆಗಲೇ ತುಳಸಿಕಟ್ಟೆಗೆ ದೀಪ ಇಟ್ಟಾಗಿದೆ. ದೀಪ ಇಟ್ಟ ಮೇಲೆ ಭೂಮಿ ಮಲಗಿದಳು, ಇನ್ನು ಅಗೆಯುವಂತಿಲ್ಲ. ತೆಂಕಣ ದಿಕ್ಕಿನಲ್ಲಿ ಮೋಡ ಸೀಸದ ಬಣ್ಣಕ್ಕೆ ತಿರುಗಿದೆ. ತುಳಸಾ ಅತ್ತೆಯ ಮುಖ ನೋಡುತ್ತಾಳೆ. ಮುದುಕಿ ಮಗನ ಮುಖ ನೋಡುತ್ತಾಳೆ. "ನನ್ನ ಮಗ ಮುಖ್ಯ. ಅಗೀ" ಎನ್ನುವುದಕ್ಕೆ ಅವಳ ಬಾಯಿ ತೆರೆಯುತ್ತದೆ.

"ಬೇಡ ಮಾವುಸಿ" ಎನ್ನುತ್ತಾರೆ ಕೋಕಿಲಾ; ಮಾವುಸಿ ಎಂದರೆ ಚಿಕ್ಕಮ್ಮ. "ನೀವು ಬಿಟ್ಟರೂ ನಾನು ಬಿಡಲ್ಲ. ವರ್ಷಪೂರ್ತಿ ಅವಳ ಮೈಗೆ ಸಲಾಕೆ ಹೊಡೆಯೋಳು ನಾನು. ಈ ಮೂರು ದಿನ ಅವಳಿಗೂ ನನಗೂ ಬಿಡುವು."

ಆಮೇಲೆ ಅವರು ಬೇಲಿಯ ಕಡೆ ನೋಡುತ್ತಾರೆ. ಬೇಲಿಯಾಚೆ ಅಹಲ್ಯಾ ಸ್ವಾಯಿಂ ಅವರ ಅಂಗಳದಲ್ಲೊಂದು ಕೈಪಂಪು, ತುಕ್ಕು ಹಿಡಿದ, ಕಿರುಗುಟ್ಟುವ ಹಳೆಯ ಕಬ್ಬಿಣದ ಪಂಪು.

ಈ ಎರಡು ಮನೆಗಳ ನಡುವೆ ಮಾತಿಲ್ಲ. ಅಹಲ್ಯಾಳ ಬಾತುಕೋಳಿಗಳು ತುಳಸಾಳ ಬಸಳೆ ತಿಂದದ್ದು, ತುಳಸಾ ಒಂದು ಬಾತಿನ ಕಾಲು ಮುರಿದದ್ದು, ಅದು ಈಗಲೂ ಕುಂಟುತ್ತ ಬೇಲಿಯುದ್ದಕ್ಕೂ ಸಾಕ್ಷಿ ಹೇಳುತ್ತಿರುವುದು ಊರಿಗೆಲ್ಲ ಗೊತ್ತು. ಕೋಕಿಲಾ ಬೇಲಿಯ ಬಳಿ ಹೋಗಿ ಸುತ್ತುಬಳಸಿಲ್ಲದೆ ಕೇಳುತ್ತಾರೆ. ಅಹಲ್ಯಾ ಸೊಂಟಕ್ಕೆ ಕೈಯಿಟ್ಟು ನಿಲ್ಲುತ್ತಾಳೆ.

"ಚೆನ್ನಾಗಿದೆ ಕಣೇ ಕೋಕಿಲಾ! ಅವರ ಮನೆ ಸಿಡಿಲು ನಮ್ಮ ಬಾವಿಗಾ? ನಮ್ಮ ಬಾತಿನ ಕಾಲು ಮುರಿದೋರು ಈಗ ನಮ್ಮ ಪಂಪು ಕೇಳ್ತಾರಾ?"

"ಸಿಡಿಲಿಗೆ ಮನೆ ನಂಬರ್ ಇಲ್ಲ ಮಾವುಸಿ. ಕಂಬ ನಿಮ್ಮಿಬ್ಬರಿಗೂ ಒಂದೇ."

"ನೀರಲ್ಲಿ ಕರೆಂಟ್ ಬಂದ್ರೆ?"

"ಗುಡುಗು ಕೇಳಿದ ಮೇಲೆ ಪಂಪು ಮುಟ್ಟಬೇಡಿ. ಯಾವಾಗಲೂ ಮುಟ್ಟಬಾರದು, ತಂತಿ ಇರಲಿ ಬಿಡಲಿ. ಹಿಡಿಕೆಗೆ ಕೆಂಪು ಬಟ್ಟೆ ಕಟ್ಟಿಕೊಡ್ತೀನಿ. ಮೂರೇ ದಿನ. ಆಮೇಲೆ ನಾನೇ ಬಿಚ್ಚಿ ತಗೊಂಡು ಹೋಗ್ತೀನಿ."

ಬೇಲಿಯಾಚೆಯಿಂದ ದೈತಾರಿಯ ಯಂತ್ರದ ಸದ್ದು ಕೇಳುತ್ತಿದೆ, ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಉಸಿರಾಡಿದ ಹಾಗೆ. ಅಹಲ್ಯಾ ಒಮ್ಮೆ ಆ ಕಡೆ ನೋಡಿ, "ಪಂಪಲ್ಲಿ ಏನಾದ್ರೂ ಇದೆಯಾ ನೋಡು ಮೊದಲು. ಅದೂ ಸತ್ತಿರಬಹುದು" ಎನ್ನುತ್ತಾಳೆ.

ಕೋಕಿಲಾ ಎಲ್ಲರನ್ನೂ ದೂರ ನಿಲ್ಲಿಸುತ್ತಾರೆ, ಬಾತುಕೋಳಿಗಳನ್ನೂ. ತುಕ್ಕು ಕೆರೆದು ತಂತಿ ಬಿಗಿದು, ಬೋರ್ಡಿನ ಬಳಿ ಬಂದು ಬಲ್ಬು ಹಿಡಿಯುತ್ತಾರೆ. ಬಲ್ಬು ಕಣ್ಣು ಕುಕ್ಕುವ ಹಾಗೆ ಹತ್ತುತ್ತದೆ.

"ಅದು ನಮ್ಮ ಪಂಪಿನದಾ?" ಅಹಲ್ಯಾ ಬೇಲಿಯ ಮೇಲೆ ಬಾಗುತ್ತಾಳೆ.

"ನಿಮ್ಮದೇ."

"ನೋಡಿದ್ಯಾ! ಪ್ಲಾಸ್ಟಿಕ್ ಹಾಕಿಸ್ಕೋ ಅಂತ ನನ್ನ ಮಗನೂ ಬಡ್ಕೊಂಡ. ನಾನು ಹಾಕಿಸ್ಲಿಲ್ಲ." ಇದನ್ನು ಅವಳು ಕೋಕಿಲಾರಿಗೆ ಹೇಳುತ್ತಾಳೆ, ಆದರೆ ಸ್ವರ ತುಳಸಾಳಿಗೆ ಮುಟ್ಟುವಷ್ಟು ದೊಡ್ಡದು. ತುಳಸಾ ನೆಲ ನೋಡುತ್ತ, "ಬುದ್ಧಿವಂತರು" ಎನ್ನುತ್ತಾಳೆ. ಎರಡು ವರ್ಷದಲ್ಲಿ ಇದು ಮೊದಲ ಮಾತು. ವ್ಯಂಗ್ಯವೋ ಮೆಚ್ಚುಗೆಯೋ ಅವಳಿಗೂ ಗೊತ್ತಿದ್ದಂತಿಲ್ಲ.

ತಂತಿ ಬೇಕಾದದ್ದಕ್ಕಿಂತ ಉದ್ದವಾಯಿತು ಎಂದು ಕೋಕಿಲಾ ವಾಪಸ್ ಬರುವ ದಾರಿಯುದ್ದಕ್ಕೂ ಗೊಣಗುತ್ತಾರೆ.

ಸಿಡಿಲು ಬಂದದ್ದು ರಜದ ಎರಡನೆಯ ದಿನ, ಊಟದ ಹೊತ್ತು ಮೀರಿದ ಮೇಲೆ. ಕೋಕಿಲಾ ಮಾವಿನ ಮರದ ಉಯ್ಯಾಲೆಯ ಸರದಿಗೆ ಕಾಯುತ್ತ ಬಾಯ್ತುಂಬ ಪಾನ್ ಹಾಕಿಕೊಂಡಿದ್ದರು. ಮೊದಲ ಗುಡುಗಿಗೇ ಹುಡುಗಿಯರನ್ನೆಲ್ಲ ಮರದಡಿಯಿಂದ ಎಬ್ಬಿಸಿ ಶಾಲೆಯ ಕಟ್ಟಡಕ್ಕೆ ಅಟ್ಟಿದರು. ಆಮೇಲೆ ಬಿಳಿ ಬೆಳಕು, ಅದರ ಹಿಂದೆಯೇ ತಗಡು ಸೀಳಿದಂಥ ಸದ್ದು. ಗಾಳಿಮರದ ತೋಪಿನ ಕಡೆ ಬಿದ್ದಿತ್ತು. ದೈತಾರಿಯ ಮನೆಗೆ ಹೋಗುವ ಲೈನು ಆ ತೋಪು ಹಾಯ್ದೇ ಬರುತ್ತದೆ. ತುಳಸಾಳ ಫೋನು ಎತ್ತುವವರಿಲ್ಲ. ಶಾಲೆಯ ಜಗಲಿಯಲ್ಲಿ ಗುಡುಗು ದೂರವಾಗುವುದನ್ನು ಕಾಯುತ್ತ ನಿಂತ ಕೋಕಿಲಾ ಪಾನ್ ಅಗಿಯುವುದನ್ನು ಮರೆತಿದ್ದರು. ತುಟಿಯ ಅಂಚಿನಿಂದ ಕೆಂಪು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ನಾವು ಹೋದಾಗ ಬೇಲಿಯ ಈಚೆಗೆ, ತುಳಸಾಳ ಅಂಗಳದಲ್ಲೇ, ಅಹಲ್ಯಾ ನಿಂತಿದ್ದಾಳೆ. ಕೈಯಲ್ಲಿ ಬಾಳೆ ಎಲೆ ಮುಚ್ಚಿದ ತಟ್ಟೆ, ಅದರಲ್ಲಿ ರಜ ಹಬ್ಬದ ಸಿಹಿ ಕಡುಬು ಪೋಡಪಿಠಾ. "ಪಂಪು ಠಣ್ ಅಂತು ಕಣೇ! ನಾನೇ ಕೇಳಿದೆ. ಯಾರೂ ಮುಟ್ಟಿಲ್ಲ." ಒಳಗೆ ಕರೆಂಟಿಲ್ಲ, ಇನ್ವರ್ಟರಿನ ದೀಪ ಉರಿಯುತ್ತಿದೆ. ತುಳಸಾ ಬಾಯಿಗೆ ಬೆರಳಿಟ್ಟು ಒಳಗೆ ಕರೆಯುತ್ತಾಳೆ. ಪೆಟ್ಟಿಗೆಯ ಪುಟ್ಟ ಕಿಂಡಿ, ಮೊನ್ನೆ ಹಸಿರಾಗಿದ್ದದ್ದು, ಈಗ ಕೆಂಪಾಗಿದೆ. ಅದು ತನ್ನ ಕೆಲಸ ಮುಗಿಸಿ ಸತ್ತಿದೆ ಎಂದು ಅದರರ್ಥ. ಒಳಕೋಣೆಯಲ್ಲಿ ಯಂತ್ರ ಉಸಿರಾಡುತ್ತಿದೆ.

ಕೋಕಿಲಾ ಈಗ ತುಟಿ ಒರೆಸಿಕೊಳ್ಳುತ್ತಾರೆ. ಆಮೇಲೆ ಮೇನ್ ಸ್ವಿಚ್ ಆರಿಸಿ, ಪೆಟ್ಟಿಗೆಯೊಳಗಿನ ಸತ್ತ ಬಿಲ್ಲೆ ಕಿತ್ತು ಹೊಸದನ್ನು ಒತ್ತುತ್ತಾರೆ.

"ರಜದಲ್ಲಿ ಕೆಲಸ ಮಾಡ್ತೀಯಲ್ಲೇ, ಪಾಪ ಬರುತ್ತೆ" ಎನ್ನುತ್ತಾಳೆ ಅಹಲ್ಯಾ.

"ಮುಟ್ಟು ಭೂಮಿಗೆ, ಗೋಡೆಗಲ್ಲ ಮಾವುಸಿ. ಪಿಠಾ ಇತ್ತ ಕೊಡಿ."

ಭೂಮಿಯ ಸ್ನಾನ ಮುಗಿದ ಮರುದಿನ ಬೆಳಿಗ್ಗೆ ಕೋಕಿಲಾ ದೈತಾರಿಯ ಅಂಗಳದಲ್ಲಿ ಗುಂಡಿ ತೋಡುತ್ತಿದ್ದಾರೆ. ಸಲಿಕೆ ಊರುವ ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅಹಲ್ಯಾ ತನ್ನ ಪಂಪಿನ ತಂತಿ ಬಿಚ್ಚಲು ಬಿಡುತ್ತಿಲ್ಲ. "ಇರಲಿ ಬಿಡೇ, ಎರಡು ದಾರಿ ಇದ್ರೆ ಏನು ತೊಂದರೆ?" ಎಂದು ಅವಳ ವಾದ. ಗಿಡ್ಡ ದಾರಿ ಸಿಕ್ಕ ಮೇಲೆ ಉದ್ದದ್ದು ಯಾಕೆ, ನಾಳೆ ಯಾರಾದರೂ ಗುಡುಗಿನಲ್ಲಿ ಮರೆತು ನೀರು ಸೇದಿದರೆ, ಎಂದು ಕೋಕಿಲಾರ ಉತ್ತರ. ಕುಂಟು ಬಾತು ಮರಳಿನ ಗುಪ್ಪೆಯ ಮೇಲೆ ಹತ್ತಿ ನಿಂತಿದೆ. ತುಳಸಾ ಅದನ್ನು ಓಡಿಸುವುದಿಲ್ಲ.

ಎಷ್ಟೋ ಮನೆಗಳಲ್ಲಿ ಕೋಕಿಲಾರ ಹೆಸರೂ ಗೊತ್ತಿಲ್ಲ, ಗುಂಡಿ ಇರುವ ಜಾಗವೂ ಮರೆತುಹೋಗಿದೆ. ಬೇಸರವಿಲ್ಲವೇ ಎಂದರೆ ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸುತ್ತದೆ. ಅಷ್ಟರಲ್ಲಿ ಉದ್ದದ ಕೊಳವೆ ಎಳೆದುಕೊಂಡು ದೈತಾರಿ ಬಾಗಿಲ ತನಕ ಬಂದು ಕೂರುತ್ತಾರೆ.

"ಕೋಕಿಲಾ, ಮೊನ್ನೆ ಭಾರಿ ಸಿಡಿಲಂತೆ? ಇವರೆಲ್ಲ ಹೇಳ್ತಾ ಇದ್ದಾರೆ."

"ನೀವು ಕೇಳಲಿಲ್ವಾ ಭಾಯಿ?"

"ಎಲ್ಲಿ! ಉಂಡು ಮಲಗಿದ್ದೆ. ಎದ್ದಾಗ ಸಂಜೆ ಆಗಿತ್ತು."

ಗುಂಡಿಯೊಳಗೆ ಸಲಿಕೆ ನಿಲ್ಲುತ್ತದೆ. ಮರಳು ಮೆತ್ತಿದ ಮುಖ ಅಂಚಿನ ಮೇಲೆ ಬರುತ್ತದೆ, ಈ ವಾರ ನಾನು ನೋಡಿರದಷ್ಟು ಅಗಲವಾಗಿ ನಗುತ್ತ.

"ಹಾಗೇ ಮಲಗಿರಿ ಭಾಯಿ. ನಾನು ಗುಂಡಿ ತೋಡಿದ ಮನೆಯವರೆಲ್ಲ ಹಾಗೇ ಮಲಗಿರಲಿ."