ಲಾವಾ ಮೇಡಂ ಮತ್ತು ರಬ್ಬರ್ ಚೆಂಡು

ನಮ್ಮ ಖಗೋಳ ವಿಜ್ಞಾನ ವಿಭಾಗದ ಲಾವಾ ಮೇಡಂ ಕೋಣೆಗೆ ಹೋದವರು ರಬ್ಬರ್ ಚೆಂಡು ಹಿಸುಕದೆ ಹೊರಗೆ ಬಂದದ್ದಿಲ್ಲ. ಗುರುಗ್ರಹವನ್ನು ಸುತ್ತುವ, ಮೈತುಂಬ ಜ್ವಾಲಾಮುಖಿ ಹೊತ್ತ ಅಯೋ ಎಂಬ ಚಂದ್ರನೊಂದಿಗೆ ಅವರದು ಇಪ್ಪತ್ತೆಂಟು ವರ್ಷದ ಸಂಸಾರ. ಅದರ ಹೊಟ್ಟೆಯೊಳಗೆ ಬಂಡೆ ಎಷ್ಟು ಕರಗಿದೆ, ಕಾವು ಯಾವ ದಾರಿಯಿಂದ ಹೊರಬೀಳುತ್ತದೆ ಎಂಬುದನ್ನು ಬಿಟ್ಟು ಬೇರೆ ಲೋಕಾಭಿರಾಮವೇ ಇಲ್ಲ. ರಜೆ ಅರ್ಜಿ ಹಿಡಿದು ಬಂದ ಗುಮಾಸ್ತರ ಕೈಗೂ ಚೆಂಡು ತುರುಕಿ, "ಹಿಸುಕ್ರೀ, ನೂರು ಸಲ. ಬೆಚ್ಚಗಾಯ್ತಾ? ಗುರುಗ್ರಹ ಅಯೋನ ಹೀಗೇ ಹಿಟ್ಟಿನ ಥರ ನಾದ್ತಾ ಇರುತ್ತೆ. ನಮ್ಮ ಚಂದ್ರನಷ್ಟೇ ಗಾತ್ರ, ಯಾವತ್ತೋ ತಣ್ಣಗಾಗಬೇಕಿತ್ತು. ಆಯ್ತಾ? ಆಗ್ಲಿಲ್ಲ!" ಎಂದು ತಾವೇ ಗೆದ್ದವರಂತೆ ಎಡಗೈಯಿಂದ ಮೇಜು ಗುದ್ದುತ್ತಾರೆ. ಬೋರ್ಡಿನ ಮೇಲೆ ಬರೆಯುವುದೂ ಎಡಗೈಯಲ್ಲೇ, ಅಕ್ಷರ ಮಾತ್ರ ಒಂದನೇ ಕ್ಲಾಸಿನ ಮಗುವಿನದು. ಹೊಸದಾಗಿ ಸೇರಿದ ನಾನು ಅವರು ಎಡಚರೆಂದೇ ತಿಳಿದಿದ್ದೆ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತೆಂದೂ, "ಹೆಚ್ಚು ಆಸೆ ಇಟ್ಕೋಬೇಡಿ" ಎನ್ನುತ್ತಲೇ ಡಾಕ್ಟರು ಕೊಟ್ಟ ಚೆಂಡು ಇದೆಂದೂ, ದಿನಾ ಮಧ್ಯಾಹ್ನ ಅವರು ಬಾಗಿಲು ಹಾಕಿಕೊಳ್ಳುವುದು ಆ ಕೈಯಲ್ಲಿ ಇದನ್ನು ಹಿಸುಕಲಿಕ್ಕೇ ಎಂದೂ ಗುಮಾಸ್ತರು ಹೇಳಿದರು. ಮೊನ್ನೆ ಮುಖ್ಯಸ್ಥರು ಕಾಗದವೊಂದನ್ನು ತಂದು, "ಅಯೋ ಕೆಲಸ ಬೇರೆಯವರು ನೋಡ್ಕೋತಾರೆ, ನೀವು ವಿಶ್ರಾಂತಿ ತಗೊಳ್ಳಿ. ಒಪ್ಪಿಗೆ ಅಂತ ಒಂದು ಸಹಿ ಹಾಕ್ಬಿಡಿ ಮೇಡಂ" ಎಂದರು. ಮುಖ್ಯಸ್ಥರ ಕೈಗೆ ಮಾತ್ರ ಮೇಡಂ ಚೆಂಡು ಕೊಡಲಿಲ್ಲ. ಮಡಿಲಲ್ಲಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಮೇಜಿನ ಮೇಲಿಟ್ಟು, ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿ, ಹಲ್ಲು ಕಚ್ಚಿ, ಕಾಗದದ ಉದ್ದಕ್ಕೂ ಆ ಕೈಯಲ್ಲೇ ಬರೆದರು. ಸೊಟ್ಟಗಿದ್ದರೂ ಸ್ಪಷ್ಟವಾಗಿತ್ತು: "ಆಗಲ್ಲ."